ಬೇರಿನ ತುದಿಯ ಬಿರಡೆ: ಹೊಸತೆಲ್ಲವೂ ಮೇಲೆ?

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಕೆಟ್ಟ ಹಲ್ಲಿಗೆ ಕೀಳುವುದೊಂದೇ ಮದ್ದಾಗಿದ್ದಿತು. ಇಂದು ಹಾಗಿಲ್ಲ. ತಿರುಳು ಸತ್ತ ಹಲ್ಲನ್ನೂ ಬೇರಿನ ತುದಿಯಲ್ಲಿ ಕೀವು ಕಟ್ಟಿದ ಹಲ್ಲನ್ನೂ ಅದರ ಗೂಡಿನಲ್ಲಿಯೇ ಉಳಿಸಿಕೊಳ್ಳುವ ವಿದ್ಯೆ ಬೆಳೆದಿದೆ. ಆ ವಿದ್ಯೆಯ ಕೊನೆಯ ಮೆಟ್ಟಿಲುಗಳಲ್ಲೊಂದು ಬೇರಿನ ತುದಿಯ ಶಸ್ತ್ರಚಿಕಿತ್ಸೆ. ಅದರಲ್ಲಿ ವೈದ್ಯರು ಬೇರಿನ ತುದಿಯನ್ನು ಕತ್ತರಿಸಿ ತೆಗೆದು, ಉಳಿದ ಬೇರಿನ ಕೊನೆಯಲ್ಲಿ ಒಂದು ಸಣ್ಣ ಗುಳಿಯನ್ನು ಕೊರೆದು, ಆ ಗುಳಿಗೆ ಬಿರಡೆಯೊಂದನ್ನು ಜಡಿಯುತ್ತಾರೆ. ಬಿರಡೆಯ ಆಳ ಸುಮಾರು ೩ ಮಿಲಿಮೀಟರು. ಒಂದು ಕಾಳುಮೆಣಸಿಗಿಂತಲೂ ಚಿಕ್ಕದು. ಅದನ್ನು ಯಾವ ದ್ರವ್ಯದಿಂದ ಮಾಡಬೇಕು ಎಂಬ ಪ್ರಶ್ನೆಯನ್ನು ಕುರಿತು ದಂತವೈದ್ಯರಲ್ಲಿ ತಲೆಮಾರುಗಳಿಂದ ವಾದ ನಡೆದಿದೆ, ಇನ್ನೂ ಮುಗಿದಿಲ್ಲ.

ನಮ್ಮ ವಾಚಕರಲ್ಲಿ ಹೆಚ್ಚಿನವರು ಪ್ರೌಢಶಾಲೆಯ ಮತ್ತು ಕಾಲೇಜಿನ ವಿದ್ಯಾರ್ಥಿಗಳು. ದಂತವೈದ್ಯರಿಗೆ ಬಿಡಬಹುದಾದ ಈ ಸಂಗತಿಯನ್ನು ಅವರ ಮುಂದೆ ಏಕೆ ಇಡಬೇಕು? ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದಾಗಿ, ನಮ್ಮಲ್ಲಿ ಯಾರಾದರೊಬ್ಬರು, ಅಥವಾ ನಮ್ಮ ಮನೆಯವರು, ಇಂದಲ್ಲ ನಾಳೆ ದಂತವೈದ್ಯರ ಕುರ್ಚಿಯಲ್ಲಿ ಕುಳಿತು, ಹಲ್ಲನ್ನು ಉಳಿಸುವುದೋ ಕೀಳಿಸುವುದೋ, ಉಳಿಸುವುದಾದರೆ ಎಷ್ಟು ಬೆಲೆಯ ದ್ರವ್ಯವನ್ನು ಹಾಕಿಸುವುದು ಎಂಬ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಎರಡನೆಯದಾಗಿ, ಎರಡು ವಸ್ತುಗಳಲ್ಲಿ ಯಾವುದು ಮೇಲೆಂದು ತೀರ್ಮಾನಿಸುವುದು ವಿಜ್ಞಾನದ ನಿತ್ಯದ ಕೆಲಸ. ಆ ಕೆಲಸದಲ್ಲಿ ಎಡವಲು ಎಷ್ಟು ಕಲ್ಲುಗಳಿವೆ ಎಂಬುದನ್ನು ಈ ಪುಟ್ಟ ಬಿರಡೆಯ ಚರಿತ್ರೆ ಚೆನ್ನಾಗಿ ತೋರಿಸಿಕೊಡುತ್ತದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಬಿರಡೆ ಬೇಕೇ ಬೇಕು; ಈ ಜಾಗದಲ್ಲಿ ಪಾದರಸದ ಬಿರಡೆಯ ಕಾಲ ಮುಗಿದಿದೆ; ಆದರೆ ಉಳಿದ ಒಳ್ಳೆಯ ದ್ರವ್ಯಗಳಲ್ಲಿ ಇದೇ ಮೇಲು, ಅದು ಕೀಳು ಎಂದು ಸಾರುವಷ್ಟು ಆಧಾರ ಇಂದು ಯಾರ ಬಳಿಯಲ್ಲಿಯೂ ಇಲ್ಲ. ದ್ರವ್ಯದ ಹೆಸರಿಗಿಂತ ಅದನ್ನು ಹಾಕುವ ಕೈ ಮತ್ತು ನೋಡುವ ಕಣ್ಣು ಕಡಮೆಯವಲ್ಲ. ಈ ಅಭಿಪ್ರಾಯಕ್ಕೆ ನಾವು ಹೇಗೆ ಬಂದೆವೆಂಬುದನ್ನು ವಾಚಕರು ಪರೀಕ್ಷಿಸಿ ನೋಡಲಿ.

ಬೇರಿನೊಳಗಣ ದಾರಿ

ಹಲ್ಲಿನ ಹೊರಗೆ ಕಾಣುವ ಭಾಗಕ್ಕೆ ಎನಾಮಲಿನ ಗಟ್ಟಿ ಹೊದಿಕೆಯಿದೆ. ಅದರೊಳಗೆ ಡೆಂಟೀನು, ಡೆಂಟೀನಿನ ನಡುವೆ ರಕ್ತನಾಳಗಳೂ ನರಗಳೂ ಸೇರಿದ ಮೆತ್ತನೆಯ ತಿರುಳು. ದವಡೆಯ ಎಲುಬಿನಲ್ಲಿ ಹುದುಗಿರುವ ಬೇರಿಗೆ ಎನಾಮಲ್ ಇಲ್ಲ. ಅಲ್ಲಿ ಡೆಂಟೀನನ್ನು ಹೊದ್ದಿರುವುದು ಎಲುಬನ್ನು ಹೋಲುವ ಸಿಮೆಂಟಮ್ ಎಂಬ ತೆಳುವಾದ ಪದರ. ಸಿಮೆಂಟಮ್ಮಿನಿಂದ ಹೊರಟ ನಾರುಗಳು ಎಲುಬಿಗೆ ಅಂಟಿಕೊಂಡು ಹಲ್ಲನ್ನು ಅದರ ಗೂಡಿನಲ್ಲಿ ಹಿಡಿದು ನಿಲ್ಲಿಸುತ್ತವೆ. ತಿರುಳು ಬೇರಿನ ನಾಲೆಯುದ್ದಕ್ಕೂ ಸಾಗಿ ತುದಿಯ ರಂಧ್ರದ ಮೂಲಕ ದೇಹದೊಡನೆ ಸಂಬಂಧವನ್ನು ಇರಿಸಿಕೊಂಡಿದೆ. ಒಳ್ಳೆಯ ದಿನಗಳಲ್ಲಿ ಈ ರಂಧ್ರ ಆಹಾರ ಬರುವ ಬಾಗಿಲು. ಕೆಟ್ಟ ದಿನಗಳಲ್ಲಿ ರೋಗ ಹೊರಬೀಳುವ ಬಾಗಿಲು.

ಹುಳುಕು ಆಳಕ್ಕಿಳಿದಾಗ ಬಾಯಿಯ ಸೂಕ್ಷ್ಮಜೀವಿಗಳು ತಿರುಳನ್ನು ಮುಟ್ಟುತ್ತವೆ. ತಿರುಳು ಊದಿಕೊಂಡು ಕೊನೆಗೆ ಸಾಯುತ್ತದೆ. ಸತ್ತ ನಾಲೆಯಲ್ಲಿ ರಕ್ತದ ಹರಿವಿಲ್ಲವಾದುದರಿಂದ ದೇಹದ ಕಾವಲುಗಾರರು ಅಲ್ಲಿಗೆ ಹೋಗಲಾರರು. ಸೂಕ್ಷ್ಮಜೀವಿಗಳು ನೆಮ್ಮದಿಯಾಗಿ ನೆಲೆಸಿ ತಮ್ಮ ವಿಷವನ್ನು ತುದಿಯ ರಂಧ್ರದಿಂದ ಹೊರಕ್ಕೆ ಸೋರಿಸುತ್ತವೆ. ಆಗ ಬೇರಿನ ಸುತ್ತಲಿನ ಎಲುಬು ಕರಗುತ್ತದೆ. ಕ್ಷ-ಕಿರಣದ ಚಿತ್ರದಲ್ಲಿ ಬೇರಿನ ತುದಿಗೆ ಅಂಟಿದಂತೆ ಕಪ್ಪು ಮಚ್ಚೆಯೊಂದು ಕಾಣುತ್ತದೆ.

ಇದಕ್ಕೆಲ್ಲ ಸೂಕ್ಷ್ಮಜೀವಿಗಳೇ ಹೊಣೆಯೆಂಬುದನ್ನು ೧೯೬೫ರಲ್ಲಿ ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜೆರಾಲ್ಡ್ ಎಂಬ ಮೂವರು ಇಲಿಗಳ ಮೇಲೆ ಮಾಡಿದ ಪ್ರಯೋಗದಿಂದ ತೋರಿಸಿದರು. ಸಾಮಾನ್ಯ ಇಲಿಗಳ ದವಡೆಹಲ್ಲನ್ನು ಕೊರೆದು ತಿರುಳನ್ನು ತೆರೆದಿಟ್ಟಾಗ ಅದು ಕೊಳೆತು ಕೀವಾಯಿತು. ಹುಟ್ಟಿನಿಂದಲೇ ಸೂಕ್ಷ್ಮಜೀವಿಗಳ ಸೋಂಕಿಲ್ಲದೆ ಬೆಳೆಸಿದ ಇಲಿಗಳಲ್ಲಿ ಅದೇ ಗಾಯವನ್ನು ಮಾಡಿದಾಗ ತಿರುಳು ಸಾಯಲಿಲ್ಲ. ಗಾಯದ ಮೇಲೆ ಹೊಸ ಡೆಂಟೀನಿನ ಸೇತುವೆಯೇ ಕಟ್ಟಿಕೊಂಡಿತು. ಗಾಯ ಒಂದೇ, ಇಲಿಯ ಜಾತಿ ಒಂದೇ, ಆಹಾರ ಒಂದೇ. ಬೇರೆಯಾಗಿದ್ದುದು ಸೂಕ್ಷ್ಮಜೀವಿಗಳಿರುವುದು, ಇಲ್ಲದಿರುವುದು ಮಾತ್ರ. ಹೋಲಿಕೆ ಎಂದರೆ ಹೀಗಿರಬೇಕು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದರಿಂದ ಬಹಳ ಪ್ರಯೋಜನವಿದೆ.

ಸತ್ತ ತಿರುಳನ್ನು ತೆಗೆದು, ನಾಲೆಯನ್ನು ತೊಳೆದು, ಗಟ್ಟಾಪರ್ಚ ಎಂಬ ರಬ್ಬರಿನಂಥ ವಸ್ತುವಿನಿಂದ ತುಂಬುವುದು ಮೊದಲ ಚಿಕಿತ್ಸೆ. ಬಹುಮಟ್ಟಿಗೆ ಇದರಿಂದಲೇ ರೋಗ ಗುಣವಾಗುತ್ತದೆ. ಆದರೆ ನಾಲೆ ನೇರವಾದ ಕೊಳವೆಯಲ್ಲ. ನದಿಯು ಕಡಲನ್ನು ಸೇರುವ ಮುನ್ನ ಕವಲೊಡೆಯುವಂತೆ ತುದಿಯ ಬಳಿ ಸಣ್ಣ ಸಣ್ಣ ಕವಲುಗಳಾಗಿ ಒಡೆದಿರುತ್ತದೆ. ಉಪಕರಣ ಮುಟ್ಟದ ಕವಲಿನಲ್ಲಿ ಸೂಕ್ಷ್ಮಜೀವಿಗಳು ಉಳಿದರೆ ರೋಗವೂ ಉಳಿಯುತ್ತದೆ. ಆಗ ಮೇಲಿನಿಂದಲೇ ನಾಲೆಯನ್ನು ಮತ್ತೆ ತೆರೆದು ಚಿಕಿತ್ಸೆ ಮಾಡಬೇಕು. ಅದಕ್ಕೂ ಮಣಿಯದಿದ್ದರೆ, ಅಥವಾ ಮೇಲಣ ದಾರಿ ಮುಚ್ಚಿಹೋಗಿದ್ದರೆ, ಶಸ್ತ್ರಚಿಕಿತ್ಸೆಯ ಸರದಿ. ಒಸಡನ್ನು ಬಿಡಿಸಿ, ಎಲುಬಿನಲ್ಲಿ ಕಿಂಡಿ ತೆರೆದು, ಕವಲುಗಳು ಹೆಚ್ಚಾಗಿರುವ ತುದಿಯ ೩ ಮಿಲಿಮೀಟರನ್ನು ಕತ್ತರಿಸುತ್ತಾರೆ. ಆ ಮೇಲೆ ನಾಲೆಯ ಉಳಿದ ಭಾಗದಲ್ಲಿ ಗುಳಿ ತೋಡಿ ಬಿರಡೆಯನ್ನು ಹಾಕುತ್ತಾರೆ. ಸೂಕ್ಷ್ಮಜೀವಿಗಳೆಲ್ಲವನ್ನೂ ಕೊಲ್ಲಲಾಗದಿದ್ದರೆ ಅವುಗಳನ್ನು ಒಳಗೇ ಹೂತುಬಿಡುವುದು ಈ ಕ್ರಮದ ತತ್ತ್ವ.

ಬಿರಡೆಗೆ ಬೇಕಾದ ಗುಣಗಳು

ಹೀಗೆ ಹೂಳುವ ಬಿರಡೆಗೆ ಏನೇನು ಗುಣಗಳಿರಬೇಕು? ಅದು ಡೆಂಟೀನಿನ ಗೋಡೆಗೆ ಎಡೆಯಿಲ್ಲದಂತೆ ಕೂಡಿಕೊಳ್ಳಬೇಕು. ಸುತ್ತಲಿನ ಜೀವಕೋಶಗಳಿಗೆ ವಿಷವಾಗಬಾರದು. ದೇಹದ ದ್ರವಗಳಲ್ಲಿ ಕರಗಬಾರದು, ಕಿಲುಬು ಹಿಡಿಯಬಾರದು, ಕುಗ್ಗಬಾರದು. ಕ್ಷ-ಕಿರಣದ ಚಿತ್ರದಲ್ಲಿ ಬೇರಿನಿಂದ ಬೇರೆಯಾಗಿ ಕಾಣಬೇಕು. ಕೈಗೆ ಹದವಾಗಿ ಒದಗಬೇಕು. ಎಲ್ಲಕ್ಕಿಂತ ಕಷ್ಟವಾದದ್ದು, ಒದ್ದೆಯಲ್ಲಿ ಗಟ್ಟಿಯಾಗಬೇಕು. ಮೇಲಿನಿಂದ ಹಲ್ಲು ತುಂಬುವಾಗ ವೈದ್ಯರು ಹತ್ತಿಯಿಟ್ಟು ಗಾಳಿಯೂದಿ ಜಾಗವನ್ನು ಒಣಗಿಸಿಕೊಳ್ಳಬಹುದು. ಇಲ್ಲಿಯಾದರೋ ನಾಲ್ಕೂ ಕಡೆಯಿಂದ ರಕ್ತ ಒಸರುತ್ತಿರುತ್ತದೆ. ಇಷ್ಟೆಲ್ಲ ಆದ ಮೇಲೆ, ಕತ್ತರಿಸಿದ ಬೇರಿನ ಮೇಲೆ ಸಿಮೆಂಟಮ್ ಮತ್ತೆ ಬೆಳೆಯುವಂತಿದ್ದರೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಈ ಗುಣಗಳೆಲ್ಲ ನೆರೆದಿರುವ ದ್ರವ್ಯ ಇದುವರೆಗೆ ದೊರೆತಿಲ್ಲ.

ಪಾದರಸದಿಂದ ಲವಂಗದ ಕಡೆಗೆ

ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಈ ಕೆಲಸಕ್ಕೆ ಬಳಕೆಯಲ್ಲಿದ್ದುದು ಅಮಾಲ್ಗಂ. ಬೆಳ್ಳಿ, ತವರ, ತಾಮ್ರಗಳ ಪುಡಿಯನ್ನು ಹೆಚ್ಚುಕಡಮೆ ಅಷ್ಟೇ ತೂಕದ ಪಾದರಸದೊಡನೆ ಅರೆದರೆ ದೊರೆಯುವ ಈ ಮಿಶ್ರಲೋಹ ಅಗ್ಗವಾದದ್ದು, ಕೈಗೆ ಸುಲಭವಾದದ್ದು, ಕ್ಷ-ಕಿರಣದ ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುವಂಥದು. ದವಡೆಹಲ್ಲಿನ ಮೇಲಣ ಗುಳಿಯಲ್ಲಿ ಹತ್ತಾರು ವರ್ಷ ಬಾಳಿದ ಖ್ಯಾತಿ ಅದಕ್ಕಿದ್ದಿತು. ಮೇಲೆ ಬಾಳಿದ್ದು ಕೆಳಗೂ ಬಾಳೀತೆಂದು ಜನ ನಂಬಿದರು. ಆದರೆ ಬೇರಿನ ತುದಿಯ ಲೋಕವೇ ಬೇರೆ. ಅಲ್ಲಿ ಅಮಾಲ್ಗಂ ಕಿಲುಬು ಹಿಡಿಯಿತು, ಅಂಚಿನಲ್ಲಿ ಸೋರಿತು, ಒಸಡಿನಲ್ಲಿ ಬೂದುಬಣ್ಣದ ಕಲೆಗಳನ್ನು ಉಳಿಸಿತು.

ಪಾದರಸದ ವಿಷಯದಲ್ಲಿ ಲೋಕದ ಎಚ್ಚರವೂ ಬೆಳೆಯಿತು. ವಿಷಪೂರಿತ ಮೀನುಗಳನ್ನು ತಿಂದು ಜನ ನರಳಿದ ಜಪಾನಿನ ಮಿನಮಾಟ ಎಂಬ ಊರಿನ ಹೆಸರಿನಲ್ಲಿ ೨೦೧೩ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಗಿ, ೨೦೧೭ರಲ್ಲಿ ಅದು ಜಾರಿಗೆ ಬಂದಿತು. ಭಾರತವೂ ೨೦೧೮ರಲ್ಲಿ ಅದಕ್ಕೆ ಸೇರಿತು. ಯೂರೋಪಿನ ಒಕ್ಕೂಟದಲ್ಲಿ ೨೦೨೫ರ ಜನವರಿ ೧ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹಲ್ಲಿಗೆ ಅಮಾಲ್ಗಂ ಹಾಕುವುದೇ ನಿಷಿದ್ಧವಾಗಿದೆ. ಆದರೆ ಬೇರಿನ ತುದಿಯಲ್ಲಿ ಅಮಾಲ್ಗಂ ಸೋತದ್ದು ಈ ಭಯದಿಂದಲ್ಲ, ರೋಗವನ್ನು ಗುಣಪಡಿಸುವುದರಲ್ಲಿ ಅದು ಹಿಂದೆ ಬಿದ್ದುದರಿಂದ ಎಂಬುದನ್ನು ಮರೆಯಬಾರದು.

ಅದರ ಜಾಗಕ್ಕೆ ಬಂದದ್ದು ನಮ್ಮ ಅಡಿಗೆಮನೆಯ ನಂಟುಳ್ಳ ದ್ರವ್ಯ. ಹಲ್ಲುನೋವಿಗೆ ಲವಂಗವನ್ನು ಕಚ್ಚಿ ಹಿಡಿಯುವುದು ನಮ್ಮ ಹಿರಿಯರ ವಾಡಿಕೆ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಎಂಬ ಸಂಯುಕ್ತವು ಸತುವಿನ ಆಕ್ಸೈಡಿನ ಪುಡಿಯೊಡನೆ ಬೆರೆತರೆ ಗಟ್ಟಿಯಾದ ಮುದ್ದೆಯಾಗುತ್ತದೆ. ಆದರೆ ಬರಿಯ ಈ ಮುದ್ದೆಗೆ ಬಲ ಸಾಲದು, ನಿಧಾನವಾಗಿ ಕರಗಿಯೂ ಹೋಗುತ್ತದೆ. ಅದನ್ನು ಬಲಪಡಿಸಿದ ಎರಡು ರೂಪಗಳು ಪ್ರಸಿದ್ಧವಾದುವು. ಪುಡಿಗೆ ಪ್ಲಾಸ್ಟಿಕ್ ಜಾತಿಯ ದ್ರವ್ಯವನ್ನು ಸೇರಿಸಿದ್ದು ಐ.ಆರ್.ಎಂ.; ಪುಡಿಗೆ ಅಲ್ಯೂಮಿನವನ್ನು ಸೇರಿಸಿ, ಯೂಜಿನಾಲಿನ ಹೆಚ್ಚು ಪಾಲನ್ನು ತೆಗೆದು ಈಥಾಕ್ಸಿಬೆಂಜೊಯಿಕ್ ಆಮ್ಲವನ್ನು ಹಾಕಿದ್ದು ಸೂಪರ್ ಇ.ಬಿ.ಎ.

೧೯೯೦ರಲ್ಲಿ ಡಾರ್ನ್ ಮತ್ತು ಗಾರ್ಟ್ನರ್ ಎಂಬ ಅಮೆರಿಕದ ವೈದ್ಯರು ೪೮೮ ಹಳೆಯ ಪ್ರಕರಣಗಳನ್ನು ತಿರುವಿ ನೋಡಿ ಲೆಕ್ಕ ಹಾಕಿದರು. ಅಮಾಲ್ಗಮ್ಮಿಗೆ ಶೇಕಡ ೭೫, ಐ.ಆರ್.ಎಂ.ಗೆ ೯೧, ಸೂಪರ್ ಇ.ಬಿ.ಎ.ಗೆ ೯೫ ಗುಣವಾಗಿದ್ದುವು. ಅಂಕಿಗಳು ಕಣ್ಣು ಕುಕ್ಕುವಂತಿವೆ. ಇವುಗಳ ವಿಚಾರಕ್ಕೆ ಮತ್ತೆ ಬರುತ್ತೇವೆ. ಇವಲ್ಲದೆ, ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ ೧೯೭೨ರಲ್ಲಿ ವಿವರಿಸಿದ ಗಾಜಿನ ಅಯನೋಮರ್ ಸಿಮೆಂಟನ್ನೂ, ಡೆನ್ಮಾರ್ಕಿನಲ್ಲಿ ಬೆಳೆದ ರಾಳದ ಅಂಟನ್ನೂ ಈ ಜಾಗದಲ್ಲಿ ಬಳಸಿದ್ದುಂಟು. ಎರಡೂ ಒಳ್ಳೆಯವೇ, ಆದರೆ ಗಟ್ಟಿಯಾಗುವ ಹೊತ್ತಿನಲ್ಲಿ ತೇವವನ್ನು ಸಹಿಸಲಾರವು.

ಕಟ್ಟಡದ ಸಿಮೆಂಟು ಹಲ್ಲಿಗೆ ಬಂದ ಬಗೆ

ತೇವವನ್ನು ಶತ್ರುವೆಂದು ಕಾಣದೆ ಮಿತ್ರನನ್ನಾಗಿ ಮಾಡಿಕೊಳ್ಳುವ ದ್ರವ್ಯವೊಂದು ಲೋಕಕ್ಕೆ ಆಗಲೇ ಗೊತ್ತಿದ್ದಿತು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ೧೮೨೪ರಲ್ಲಿ ಹಕ್ಕುಪತ್ರ ಪಡೆದ ಪೋರ್ಟ್‌ಲೆಂಡ್ ಸಿಮೆಂಟು ನೀರಿನಿಂದಲೇ ಗಟ್ಟಿಯಾಗುವಂಥದು. ಕ್ಯಾಲಿಫೋರ್ನಿಯದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಮಹಮೂದ್ ತೊರಾಬಿನೆಜಾದ್ ಮತ್ತು ಅವರ ಸಂಗಡಿಗರು ೧೯೯೩ರಿಂದ ಮುಂದಕ್ಕೆ ಪ್ರಕಟಿಸಿದ ಎಂ.ಟಿ.ಎ. ಎಂಬ ದ್ರವ್ಯದ ಮೈಯೆಲ್ಲ ಇದೇ ಸಿಮೆಂಟು: ನೂರು ಭಾಗದಲ್ಲಿ ಸುಮಾರು ೭೫ ಭಾಗ ಶುದ್ಧಿಗೊಳಿಸಿ ನುಣ್ಣಗೆ ಅರೆದ ಪೋರ್ಟ್‌ಲೆಂಡ್ ಸಿಮೆಂಟು, ೨೦ ಭಾಗ ಕ್ಷ-ಕಿರಣಕ್ಕೆ ಅಡ್ಡ ನಿಲ್ಲುವ ಬಿಸ್ಮತ್ ಆಕ್ಸೈಡು, ೫ ಭಾಗ ಜಿಪ್ಸಂ.

ಇದರ ಕೆಲಸದ ರೀತಿ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಮೆಚ್ಚಿಗೆಯಾಗುವಂಥದು. ಸಿಮೆಂಟಿನಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟುಗಳು ನೀರಿನೊಡನೆ ಕೂಡಿದಾಗ ಎರಡು ವಸ್ತುಗಳು ಹುಟ್ಟುತ್ತವೆ: ಒಂದು, ಕಲ್ಲಿನಂತೆ ಬಿಗಿಯುವ ಸಿಲಿಕೇಟಿನ ಅಂಟು, ಇನ್ನೊಂದು, ಕ್ಯಾಲ್ಸಿಯಂ ಹೈಡ್ರಾಕ್ಸೈಡು, ಎಂದರೆ ನಮ್ಮ ಅರಳಿದ ಸುಣ್ಣ. ಈ ಸುಣ್ಣದಿಂದಾಗಿ ದ್ರವ್ಯದ ಕ್ಷಾರತೆ ಏರಿ, ಕಲಸಿದ ಮೂರು ಗಂಟೆಗಳಲ್ಲಿ ಪಿ.ಎಚ್. ೧೨.೫ನ್ನು ಮುಟ್ಟುತ್ತದೆ. ಅಂಥ ಕ್ಷಾರದಲ್ಲಿ ಸೂಕ್ಷ್ಮಜೀವಿಗಳು ಬಾಳುವುದು ಕಷ್ಟ. ಸುಣ್ಣದಿಂದ ಬಿಡುಗಡೆಯಾದ ಕ್ಯಾಲ್ಸಿಯಂ ಅಯಾನುಗಳು ದೇಹದ್ರವದ ಫಾಸ್ಫೇಟಿನೊಡನೆ ಕೂಡಿ, ಎಲುಬಿನ ಖನಿಜವನ್ನೇ ಹೋಲುವ ಹೈಡ್ರಾಕ್ಸಿಅಪಟೈಟಿನ ಪದರವನ್ನು ಬಿರಡೆಯ ಮೈಮೇಲೆ ಕಟ್ಟುತ್ತವೆ ಎಂದು ಸರ್ಕಾರ್ ಮತ್ತು ಸಂಗಡಿಗರು ೨೦೦೫ರಲ್ಲಿ ತೋರಿಸಿದರು. ದೇಹಕ್ಕೆ ಅದು ಪರಕೀಯ ವಸ್ತುವಾಗಿ ಕಾಣದಿರುವುದರ ಒಂದು ಗುಟ್ಟು ಇದೇ ಇರಬೇಕು.

ಕೋತಿಗಳ ಹಲ್ಲಿನ ಮೇಲೆ ನಡೆದು ೧೯೯೭ರಲ್ಲಿ ಪ್ರಕಟವಾದ ಪರೀಕ್ಷೆ ಇನ್ನೂ ಸೋಜಿಗದ್ದು. ಐದು ತಿಂಗಳ ಮೇಲೆ ನೋಡಿದಾಗ ಎಂ.ಟಿ.ಎ. ಹಾಕಿದ ಆರು ಬೇರುಗಳಲ್ಲಿ ಐದರ ಸುತ್ತ ಊತವಿರಲಿಲ್ಲ. ಐದರಲ್ಲಿ ಬಿರಡೆಯ ಮೇಲೆಯೇ ಸಿಮೆಂಟಮ್ಮಿನ ಪೂರ್ಣ ಪದರ ಬೆಳೆದಿದ್ದಿತು. ಅಮಾಲ್ಗಂ ಹಾಕಿದ ಬೇರುಗಳೆಲ್ಲದರ ಸುತ್ತಲೂ ಊತವಿದ್ದಿತು. ಒಂದರಲ್ಲಿಯೂ ಬಿರಡೆಯ ಮೇಲೆ ಸಿಮೆಂಟಮ್ ಬೆಳೆದಿರಲಿಲ್ಲ. ದೇಹವು ತಾನೇ ಬಿರಡೆಯ ಮೇಲೆ ಇನ್ನೊಂದು ಮುಚ್ಚಳವನ್ನು ಹಾಕುವುದೆಂದರೆ ಸಾಮಾನ್ಯದ ಮಾತಲ್ಲ.

ಇದಕ್ಕೂ ಕುಂದುಗಳುಂಟು. ಒದ್ದೆ ಮರಳಿನಂತೆ ಕೈಗೆ ಒದಗದೆ ಜಾರುತ್ತದೆ, ಗಟ್ಟಿಯಾಗಲು ಸುಮಾರು ಎರಡೂ ಮುಕ್ಕಾಲು ಗಂಟೆ ಹಿಡಿಯುತ್ತದೆ, ಬಿಸ್ಮತ್ತಿನಿಂದ ಹಲ್ಲಿನ ಬಣ್ಣ ಕೆಡುವುದುಂಟು, ಬೆಲೆಯೂ ಹೆಚ್ಚು. ಈ ಕುಂದುಗಳನ್ನು ನೀಗಲೆಂದು ಅದೇ ಜಾತಿಯ ಬೇರೆ ದ್ರವ್ಯಗಳು ಬಂದಿವೆ. ಬಿಸ್ಮತ್ತಿನ ಬದಲು ಜಿರ್ಕೋನಿಯಂ ಆಕ್ಸೈಡನ್ನು ಹಾಕಿದ, ಸುಮಾರು ೧೨ ನಿಮಿಷಗಳಲ್ಲಿ ಬಿಗಿಯುವ ಬಯೋಡೆಂಟೀನ್ ಒಂದು. ಮೊದಲೇ ಕಲಸಿ ಕಣಕದಂತೆ ಹದಗೊಳಿಸಿದ ಐರೂಟ್ ಮುಂತಾದುವು ಇನ್ನು ಕೆಲವು.

ಇಲ್ಲಿ ಒಂದು ಎಚ್ಚರದ ಮಾತು. ಎಲ್ಲ ಸಿಮೆಂಟೇ ಆದರೆ ಅಂಗಡಿಯ ಮೂಟೆಯಿಂದ ಒಂದು ಚಿಟಿಕೆ ತೆಗೆದು ಹಾಕಬಾರದೇಕೆ ಎಂದು ಚುರುಕುಬುದ್ಧಿಯ ವಿದ್ಯಾರ್ಥಿ ಕೇಳಬಹುದು. ಕಟ್ಟಡದ ಸಿಮೆಂಟು ಗೋಡೆಗಾಗಿ ಸುಟ್ಟದ್ದು, ದೇಹಕ್ಕಾಗಿ ಅಲ್ಲ. ಅದರ ಕಣಗಳ ಗಾತ್ರಕ್ಕೂ ಅದರಲ್ಲಿ ಸೇರಿರಬಹುದಾದ ಆರ್ಸೆನಿಕ್ ಮೊದಲಾದ ಬೆರಕೆಗಳಿಗೂ ವೈದ್ಯಕೀಯದ ಹೊಣೆ ಹೊತ್ತವರು ಯಾರೂ ಇಲ್ಲ. ಕ್ಷ-ಕಿರಣದ ಚಿತ್ರದಲ್ಲಿಯೂ ಅದು ಸರಿಯಾಗಿ ಕಾಣದು. ಮೂಲದ್ರವ್ಯ ಒಂದೇ ಆದ ಮಾತ್ರಕ್ಕೆ ಔಷಧಿಯೂ ಒಂದೇ ಆಗುವುದಿಲ್ಲ.

ಅಂಕಿಗಳ ಮಾತು

ಇಷ್ಟನ್ನು ಕೇಳಿದವರು ಎಂ.ಟಿ.ಎ.ಯೇ ಗೆದ್ದಿತೆಂದು ಹೇಳಿ ಪುಸ್ತಕವನ್ನು ಮುಚ್ಚಬಹುದು. ನಾವು ಮುಚ್ಚಲಾರೆವು. ಏಕೆಂದರೆ ಪ್ರಯೋಗಶಾಲೆಯ ಗೆಲುವು ಬೇರೆ, ಕೋತಿಯ ದವಡೆಯ ಗೆಲುವು ಬೇರೆ, ಮನುಷ್ಯನ ದವಡೆಯ ಗೆಲುವು ಬೇರೆ.

ಬಹುಕಾಲ ಬಿರಡೆಗಳ ಹೋಲಿಕೆ ನಡೆದದ್ದು ಕಿತ್ತ ಹಲ್ಲುಗಳ ಮೇಲೆ. ಹಲ್ಲನ್ನು ಬಣ್ಣದ ನೀರಿನಲ್ಲಿ ಅದ್ದಿ, ಬಣ್ಣ ಬಿರಡೆಯ ಅಂಚಿನಲ್ಲಿ ಎಷ್ಟು ಒಳಹೊಕ್ಕಿತೆಂದು ಅಳೆಯುವುದು ಕ್ರಮ. ಇಂಥ ಪರೀಕ್ಷೆಗಳು ಲೆಕ್ಕವಿಲ್ಲದಷ್ಟು ನಡೆದುವು. ಒಂದರ ಫಲಿತಾಂಶ ಇನ್ನೊಂದಕ್ಕೆ ಹೊಂದಲಿಲ್ಲ. ಬಣ್ಣದ ಕಣ ಸೂಕ್ಷ್ಮಜೀವಿಗಿಂತ ಎಷ್ಟೋ ಚಿಕ್ಕದು. ಅದು ನುಗ್ಗಿದೆಡೆಯಲ್ಲೆಲ್ಲ ರೋಗ ನುಗ್ಗುವುದೆಂಬ ನಿಯಮವಿಲ್ಲ. ೨೦೦೭ರ ಹೊತ್ತಿಗೆ ಈ ಕ್ಷೇತ್ರದ ಪ್ರಮುಖ ಪತ್ರಿಕೆಯೊಂದರ ಸಂಪಾದಕರೇ ಇಂಥ ಸೋರಿಕೆಯ ಪರೀಕ್ಷೆಗಳ ಬೆಲೆಯನ್ನು ಪ್ರಶ್ನಿಸಿದರು. ಅಳೆಯಲು ಸುಲಭವಾದುದನ್ನು ಅಳೆದು, ಅಳೆಯಬೇಕಾದುದನ್ನು ಅಳೆದೆವೆಂದು ಭಾವಿಸುವುದು ವಿಜ್ಞಾನದಲ್ಲಿ ಬಹಳ ಹಳೆಯ ಜಾರುದಾರಿ.

ಇನ್ನು ಮನುಷ್ಯರಲ್ಲಿ ನಡೆದ ಹೋಲಿಕೆಗಳನ್ನು ನೋಡೋಣ. ಲಂಡನ್ನಿನಲ್ಲಿ ಚಾಂಗ್, ಪಿಟ್ ಫೋರ್ಡ್, ಹಡ್ಸನ್ ಅವರು ೨೦೦೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳನ್ನು ಎರಡು ಗುಂಪಾಗಿ ಹಂಚಿ, ಒಂದಕ್ಕೆ ಎಂ.ಟಿ.ಎ.ಯನ್ನೂ ಇನ್ನೊಂದಕ್ಕೆ ಐ.ಆರ್.ಎಂ. ಅನ್ನೂ ಹಾಕಿದ್ದರು. ಎರಡು ವರ್ಷಗಳ ಮೇಲೆ ಮೊದಲನೆಯದರಲ್ಲಿ ಶೇಕಡ ೯೨, ಎರಡನೆಯದರಲ್ಲಿ ೮೭ ಗುಣವಾಗಿದ್ದುವು. ಐದರ ಅಂತರ ದೊಡ್ಡದೆಂದು ತೋರಬಹುದು. ಶೇಕಡವನ್ನು ಬಿಟ್ಟು ತಲೆಗಳನ್ನು ಎಣಿಸಿ ನೋಡಿ. ಆ ಹೊತ್ತಿಗೆ ಪರೀಕ್ಷೆಗೆ ಬಂದವರು ಒಂದು ಗುಂಪಿನಲ್ಲಿ ೬೧ ಜನ, ಇನ್ನೊಂದರಲ್ಲಿ ೪೭ ಜನ. ಗುಣವಾಗದವರು ಮೊದಲನೆಯದರಲ್ಲಿ ೫, ಎರಡನೆಯದರಲ್ಲಿ ೬. ಇಬ್ಬರು ಮೂವರ ಅದೃಷ್ಟ ಈ ಕಡೆಯದು ಆ ಕಡೆಗಾಗಿದ್ದರೆ ತಕ್ಕಡಿಯೇ ಬಾಗುತ್ತಿದ್ದಿತು. ಆದುದರಿಂದಲೇ ಆ ಸಂಶೋಧಕರು ಈ ಅಂತರವನ್ನು ಆಕಸ್ಮಿಕದಿಂದ ಬೇರ್ಪಡಿಸಲಾಗದೆಂದು ಹೇಳಿದರು.

೨೦೧೨ರಲ್ಲಿ ಕೊರಿಯದ ಸಾಂಗ್ ಮತ್ತು ಕಿಮ್ ಅವರು ಎಂ.ಟಿ.ಎ.ಗೆ ೯೫.೬, ಸೂಪರ್ ಇ.ಬಿ.ಎ.ಗೆ ೯೩.೧ ಎಂದು ಕಂಡರು. ೨೦೧೭ರಲ್ಲಿ ಚೀನದ ಝೌ ಮತ್ತು ಸಂಗಡಿಗರು ಎಂ.ಟಿ.ಎ.ಗೆ ೯೩.೧, ಹೊಸದಾದ ಐರೂಟಿಗೆ ೯೪.೪ ಎಂದು ಕಂಡರು. ಇವೂ ಆಕಸ್ಮಿಕದ ಎಲ್ಲೆಯೊಳಗಿನ ಅಂತರಗಳೇ.

ಇದಕ್ಕೆ ವಿರುದ್ಧವಾಗಿ, ನಿಜವಾದ ಅಂತರ ಹೇಗಿರುತ್ತದೆಂಬುದನ್ನು ೨೦೦೯ರ ಡೆನ್ಮಾರ್ಕಿನ ಒಂದು ಅಧ್ಯಯನ ತೋರಿಸಿಕೊಟ್ಟಿತು. ಕ್ರಿಶ್ಚಿಯನ್‌ಸೆನ್ ಮತ್ತು ಸಂಗಡಿಗರು ಕೆಲವು ಬೇರುಗಳಿಗೆ ಎಂ.ಟಿ.ಎ. ಬಿರಡೆಯನ್ನು ಹಾಕಿದರು, ಉಳಿದುವಕ್ಕೆ ಬಿರಡೆ ಹಾಕದೆ, ನಾಲೆಯಲ್ಲಿದ್ದ ಗಟ್ಟಾಪರ್ಚದ ಕೊನೆಯನ್ನು ನುಣುಪು ಮಾಡಿ ಬಿಟ್ಟರು. ಒಂದು ವರ್ಷದ ಮೇಲೆ ಬಿರಡೆಯುಳ್ಳವು ಶೇಕಡ ೯೬ ಗುಣವಾಗಿದ್ದುವು, ಬಿರಡೆಯಿಲ್ಲದವು ೫೨. ಹಲ್ಲುಗಳು ೫೨ ಮಾತ್ರ. ಆದರೂ ಸಂಶಯಕ್ಕೆ ಎಡೆಯಿರಲಿಲ್ಲ. ಅಂತರವು ನಿಜಕ್ಕೂ ದೊಡ್ಡದಾಗಿದ್ದರೆ ಚಿಕ್ಕ ಅಧ್ಯಯನವೂ ಅದನ್ನು ಹಿಡಿಯುತ್ತದೆ. ಬಿರಡೆ ಬೇಕೇ ಬೇಕೆಂದು ನಾವು ಮೊದಲಲ್ಲಿ ಹೇಳಿದ್ದು ಇದರಿಂದ.

ಹೀಗೆ ಮನುಷ್ಯರಲ್ಲಿ ಹಂಚಿಕೆಯ ಕ್ರಮದಿಂದ ನಡೆದ ಹೋಲಿಕೆಗಳನ್ನೆಲ್ಲ ಕೂಡಿಸಿ ತೂಗಿದ ಕಾಕ್ರೇನ್ ಸಂಸ್ಥೆಯ ೨೦೨೧ರ ಸಮೀಕ್ಷೆಗೆ ಅರ್ಹವಾಗಿ ದೊರೆತ ಅಧ್ಯಯನಗಳು ಎಂಟು. ಯಾವ ಒಂದು ದ್ರವ್ಯವೂ ಇನ್ನೊಂದಕ್ಕಿಂತ ಮೇಲೆಂದು ಹೇಳಲು ಆಧಾರ ಸಾಲದೆಂಬುದೇ ಅದರ ತೀರ್ಪು.

ಕೈಯೋ, ದ್ರವ್ಯವೋ?

ಈಗ ೧೯೯೦ರ ಆ ಕಣ್ಣು ಕುಕ್ಕುವ ಅಂಕಿಗಳಿಗೆ ಮರಳೋಣ. ೭೫ರಿಂದ ೯೫ಕ್ಕೆ ಏರಿದ್ದು ದ್ರವ್ಯದ ಮಹಿಮೆಯೋ? ಅಲ್ಲಿ ರೋಗಿಗಳನ್ನು ಚೀಟಿಯೆತ್ತಿ ಗುಂಪು ಮಾಡಿರಲಿಲ್ಲ. ಯಾರಿಗೆ ಯಾವುದು ಸೂಕ್ತವೆಂದು ಆಗಾಗ ತೋರಿತೋ ಅದನ್ನು ಹಾಕಿದ್ದ ಪ್ರಕರಣಗಳನ್ನು ಆಮೇಲೆ ಲೆಕ್ಕ ಹಾಕಿದ್ದರು. ಇಲಿಗಳ ಪ್ರಯೋಗದಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವೂ ಸಮನಾಗಿದ್ದುವು. ಇಲ್ಲಿ ಹಾಗಿತ್ತೆಂದು ಹೇಳಲು ಬಾರದು.

ಅದೇ ಕಾಲದಲ್ಲಿ ಶಸ್ತ್ರಚಿಕಿತ್ಸೆಯ ರೀತಿಯೂ ಬದಲಾಗುತ್ತಿದ್ದಿತು. ಹಿಂದೆ ವೈದ್ಯರು ಬರಿಗಣ್ಣಿನಿಂದ ನೋಡಿ, ನೇರವಾದ ಬೈರಿಗೆಯಿಂದ ಗುಳಿ ತೋಡುತ್ತಿದ್ದರು. ಬೈರಿಗೆ ಹೋಗಲು ಜಾಗ ಸಾಲದೆ ಬೇರನ್ನು ಓರೆಯಾಗಿ ಕತ್ತರಿಸಬೇಕಾಗುತ್ತಿದ್ದಿತು. ಹಾಗೆ ಕತ್ತರಿಸಿದಾಗ ಡೆಂಟೀನಿನ ಸೂಕ್ಷ್ಮ ನಳಿಕೆಗಳು ಹೆಚ್ಚು ಬಾಯಿ ತೆರೆಯುತ್ತಿದ್ದುವು. ೧೯೯೦ರ ದಶಕದಿಂದ ಶ್ರವಣಾತೀತ ಕಂಪನದಿಂದ ಕೊರೆಯುವ, ಬಾಗಿದ ಸಣ್ಣ ಮೊನೆಗಳು ಬಂದುವು. ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕ ಬಂದಿತು. ಬೇರನ್ನು ಹೆಚ್ಚುಕಡಮೆ ನೇರವಾಗಿ ಕತ್ತರಿಸಿ, ನಾಲೆಯ ಜಾಡಿನಲ್ಲಿಯೇ ಗುಳಿ ತೋಡುವುದು ಸಾಧ್ಯವಾಯಿತು. ಸೆಟ್ಜರ್ ಮತ್ತು ಸಂಗಡಿಗರು ೨೦೧೦ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿದಾಗ ಹಳೆಯ ರೀತಿಗೆ ಶೇಕಡ ೫೯, ಹೊಸ ರೀತಿಗೆ ೯೪ ಎಂದು ಬಂದಿತು. ಆದರೆ ಹಳೆಯ ರೀತಿಯಲ್ಲಿ ಅಮಾಲ್ಗಂ, ಹೊಸದರಲ್ಲಿ ಹೊಸ ದ್ರವ್ಯಗಳು. ಗೆದ್ದದ್ದು ಕೈಯೋ ದ್ರವ್ಯವೋ ತಿಳಿಯದು. ಅವರೇ ೨೦೧೨ರಲ್ಲಿ ಹೊಸ ದ್ರವ್ಯಗಳನ್ನೂ ಹೊಸ ಉಪಕರಣಗಳನ್ನೂ ಬಳಸಿದ ಅಧ್ಯಯನಗಳನ್ನು ಮಾತ್ರ ತೆಗೆದುಕೊಂಡು, ಹೆಚ್ಚು ವರ್ಧನೆಯ ಸೂಕ್ಷ್ಮದರ್ಶಕವಿಲ್ಲದೆ ಮಾಡಿದವುಗಳನ್ನೂ ಅದರ ನೆರವಿನಿಂದ ಮಾಡಿದವುಗಳನ್ನೂ ಹೋಲಿಸಿದರು: ೮೮ ಮತ್ತು ೯೪. ದ್ರವ್ಯ ಹೊಸದೇ ಇದ್ದರೂ ಕಣ್ಣಿನ ನೆರವು ಬೇರೆಯಾದಾಗ ಬಂದ ಈ ಅಂತರವು, ದ್ರವ್ಯದ ಹೆಸರಿನಲ್ಲಿ ನಾವು ಕಂಡ ಅಂತರಗಳಿಗಿಂತ ಕಡಮೆಯಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ಮೇಲೆ ಬರಬಹುದಾದ ಆಕ್ಷೇಪಗಳು

ಸಿಮೆಂಟಮ್ಮನ್ನೇ ಬೆಳೆಸಿಕೊಳ್ಳುವ ದ್ರವ್ಯವನ್ನು ಬರಿಯ ಬಿರಡೆಗಳೊಡನೆ ಸಮನಾಗಿ ಕಾಣುವುದು ನ್ಯಾಯವೆ ಎಂದು ಕೇಳಬಹುದು. ಆ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಬೆಲೆಯ ಚಿಂತೆಯಿಲ್ಲದೆಡೆ ನಮ್ಮ ಒಲವೂ ಸಿಲಿಕೇಟಿನ ಸಿಮೆಂಟುಗಳ ಕಡೆಗೇ. ಆದರೆ ಒಲವು ಬೇರೆ, ಸಿದ್ಧವಾದ ಸಂಗತಿ ಬೇರೆ. ದುಬಾರಿಯಾದ ಈ ದ್ರವ್ಯವಿಲ್ಲದಿದ್ದರೆ ಹಲ್ಲನ್ನು ಕೀಳುವುದೇ ಗತಿಯೆಂದು ಬಡ ರೋಗಿಯೊಬ್ಬನಿಗೆ ಯಾರಾದರೂ ಹೇಳಿದರೆ ಆ ಮಾತಿಗೆ ಆಧಾರವಿಲ್ಲ. ಐ.ಆರ್.ಎಂ. ಅಥವಾ ಸೂಪರ್ ಇ.ಬಿ.ಎ. ಹಾಕಿದ ಹತ್ತು ಹಲ್ಲುಗಳಲ್ಲಿ ಒಂಬತ್ತರ ಹತ್ತಿರ ಹತ್ತಿರ ಗುಣವಾಗಿರುವುದನ್ನು ಮೇಲೆ ಕಂಡೆವು. ತನ್ನ ಹಲ್ಲು ತನ್ನ ಬಾಯಲ್ಲಿ ಉಳಿಯುವುದಕ್ಕೆ ಸಮನಾದ ಕೃತಕ ದಂತವಿಲ್ಲ; ಬೆಲೆಯ ಭಯದಿಂದ ಅದನ್ನು ಕಳೆದುಕೊಳ್ಳುವಂತೆ ಮಾಡುವುದು ಸಲ್ಲದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅಂತರ ಕಂಡುಬರಲಿಲ್ಲವೆಂದ ಮಾತ್ರಕ್ಕೆ ಅಂತರವಿಲ್ಲವೆಂದಾಯಿತೆ? ಆಗಲಿಲ್ಲ, ಖಂಡಿತ ಆಗಲಿಲ್ಲ. ೯೨ಕ್ಕೂ ೮೭ಕ್ಕೂ ನಡುವಣ ಅಂತರವನ್ನು ಭರವಸೆಯಿಂದ ಹಿಡಿಯಬೇಕಾದರೆ, ಸಂಖ್ಯಾಶಾಸ್ತ್ರದ ಸಾಮಾನ್ಯ ಲೆಕ್ಕದಂತೆ ಒಂದೊಂದು ಗುಂಪಿನಲ್ಲಿಯೂ ಸುಮಾರು ೬೦೦ ಜನರಿರಬೇಕು. ಐವತ್ತು ಅರವತ್ತು ಜನರ ಗುಂಪುಗಳು ಆ ಅಂತರದ ವಿಷಯದಲ್ಲಿ ಕುರುಡು. ಆದುದರಿಂದ ಎಲ್ಲ ದ್ರವ್ಯಗಳೂ ಒಂದೇ ಎಂದು ನಾವು ಹೇಳುತ್ತಿಲ್ಲ. ಬೇರೆಯೆಂದು ಹೇಳುವವರು ಇನ್ನೂ ಸಾಲ ತೀರಿಸಿಲ್ಲ ಎಂದಷ್ಟೇ ಹೇಳುತ್ತಿದ್ದೇವೆ.

ಈ ಸಾಲವನ್ನು ತೀರಿಸುವ ಬಗೆಯೂ ಕಠಿನವಲ್ಲ. ಯಾವ ಒಂದು ಆಸ್ಪತ್ರೆಗೂ ೧೨೦೦ ರೋಗಿಗಳು ಬೇಗನೆ ದೊರೆಯರು. ಹತ್ತು ಕಾಲೇಜುಗಳು ಕೂಡಿದರೆ ದೊರೆಯುತ್ತಾರೆ. ಕರ್ನಾಟಕದಲ್ಲಿಯೇ ದಂತವೈದ್ಯಕೀಯ ಕಾಲೇಜುಗಳು ಹಲವಾರಿವೆ. ಪ್ರತಿಯೊಂದೂ ತನ್ನ ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧಕ್ಕೆಂದು ಇಪ್ಪತ್ತು ಮೂವತ್ತು ಹಲ್ಲುಗಳ ಅಧ್ಯಯನವನ್ನು ಬೇರೆ ಬೇರೆಯಾಗಿ ಮಾಡುವುದಕ್ಕೆ ಬದಲು, ಎಲ್ಲವೂ ಒಂದೇ ಕ್ರಮವನ್ನು ಒಪ್ಪಿಕೊಂಡು, ೨೦೦೭ರಿಂದ ನಮ್ಮ ದೇಶದಲ್ಲಿರುವ ಚಿಕಿತ್ಸಾಪ್ರಯೋಗಗಳ ನೋಂದಣಿಯಲ್ಲಿ ಮೊದಲೇ ಬರೆಯಿಸಿ, ರೋಗಿಗಳ ಒಪ್ಪಿಗೆ ಪಡೆದು, ಐದು ವರ್ಷ ತಾಳ್ಮೆಯಿಂದ ನೋಡಿದರೆ, ಲೋಕಕ್ಕೇ ಬೇಕಾದ ಉತ್ತರ ನಮ್ಮಲ್ಲಿಂದ ಹೊರಡಬಹುದು. ಪ್ರಯೋಗಗಳ ಸಂಖ್ಯೆ ಹೆಚ್ಚುವುದಕ್ಕಿಂತ ಒಂದು ಪ್ರಯೋಗ ಸರಿಯಾಗಿ ನಡೆಯುವುದು ಮೇಲು.

ನಮ್ಮ ವಿದ್ಯಾರ್ಥಿಮಿತ್ರರಿಗೆ ಕೊನೆಯದಾಗಿ ಒಂದು ಮಾತು. ಹಲ್ಲಿನ ಬಿರಡೆಯಾಗಲಿ, ತಲೆನೋವಿನ ಗುಳಿಗೆಯಾಗಲಿ, ಹೊಲದ ಗೊಬ್ಬರವಾಗಲಿ, ಇದು ಅದಕ್ಕಿಂತ ಮೇಲೆಂದು ಯಾರಾದರೂ ಹೇಳಿದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಹೋಲಿಕೆ ನಡೆದದ್ದು ಗಾಜಿನ ನಳಿಗೆಯಲ್ಲಿಯೋ, ಬಳಸುವವರಲ್ಲಿಯೋ? ಆ ಒಂದನ್ನು ಬಿಟ್ಟು ಉಳಿದೆಲ್ಲವೂ ಸಮನಾಗಿದ್ದುವೇ? ಶೇಕಡದ ಹಿಂದೆ ಇರುವ ತಲೆಗಳೆಷ್ಟು? ಎಷ್ಟು ಕಾಲ ನೋಡಿದರು? ಈ ನಾಲ್ಕಕ್ಕೂ ಸರಿಯಾದ ಉತ್ತರ ಬಂದರೆ ಹೊಸದನ್ನು ಮನಸಾರೆ ಒಪ್ಪಿಕೊಳ್ಳಿರಿ. ಬಾರದಿದ್ದರೆ ಹಳೆಯದನ್ನು ಎಸೆಯಲು ಅವಸರ ಪಡಬೇಡಿರಿ.